ವಾರಂಟಿನ ಡೆಲ್ಮರ್
ತನ್ನ ಗಾಡಿಯ ಹಿಂದಿನ ದೀಪ ಒಡೆದಿದ್ದ ಕೇಸಿನ ವಿಚಾರಣೆಗೆ ಬರಲಿಲ್ಲವೆಂದು ಅಮೆರಿಕದ ಕೆಂಟಕಿಯ ಕೋರ್ಟೊಂದು ಬಂಧನದ ವಾರಂಟು ಹೊರಡಿಸಿದಾಗಿನಿಂದ ಬೆಟ್ಟದ ಸಂದಿಯ ಡೆಲ್ಮರ್ ಯಾರನ್ನೂ ನಂಬುವುದಿಲ್ಲ. ಪಾದ್ರಿ ಊಟಕ್ಕೆ ಕರೆಯಲು ಬಂದರೂ ಕಾಲಲ್ಲಿ ಪೊಲೀಸ್ ಬೂಟಿದೆಯೇ ಎಂದು ಕಿಟಕಿಯಿಂದ ಇಣುಕುತ್ತಾನೆ. ಚರ್ಚಿನವರು ಪುಕ್ಕಟೆ ಟರ್ಕಿ ಕೋಳಿ ಹಂಚಿದರೆ, "ನನ್ನ ಹಿಡಿಯೋಕೆ ಬಲೆ ಕಣೇ" ಎಂದು ಹೆಂಡತಿ ವರ್ನಾಗೆ ಹೇಳುತ್ತಾನೆ. "ಹೋಗಿ ಜಡ್ಜ್ ಮುಂದೆ ನಿಂತ್ಕೊಳ್ರೀ, ಮುಗೀತು" ಎಂದು ಅವಳು ರೇಗಿದರೆ, "ಹೆಂಗೆ ಹೋಗ್ಲಿ? ಲೈಸೆನ್ಸ್ ಕಿತ್ಕೊಂಡೋರೂ ಅವರೇ, ಬೆಟ್ಟ ದಾಟಿ ಬಾ ಅನ್ನೋರೂ ಅವರೇ! ಬಸ್ಸೇನು ನಿಮ್ಮಪ್ಪ ಬಿಡ್ತಾನಾ?" ಎಂದು ಹಾರಾಡುತ್ತಾನೆ. ಕೈ ಕೊಯ್ದುಕೊಂಡಾಗಲೂ ಗಾಳದ ದಾರದಿಂದ ತಾನೇ ಹೊಲಿದುಕೊಂಡವನು. ಇಲ್ಲಿ ಆಂಬುಲೆನ್ಸಿನ ಬೆನ್ನಿಗೇ ಪೊಲೀಸ್ ಮುಖ್ಯಸ್ಥ ಶೆರೀಫನ ಜೀಪೂ ಬರುತ್ತದಲ್ಲ! ಮೊನ್ನೆ ವರ್ನಾ ಎದೆ ಹಿಡಿದುಕೊಂಡು ಕುಸಿದಾಗ ಮಾತ್ರ ಅವನೇ ಆಂಬುಲೆನ್ಸಿಗೆ ಫೋನು ಮಾಡಿದ. ಬಾಗಿಲು ಹಾರುಹೊಡೆದು, ಮೆಟ್ಟಿಲ ಮೇಲೆ ಬೇಡಿ ಹಾಕಿಸಿಕೊಳ್ಳಲು ಎರಡೂ ಕೈ ಮುಂದೆ ಚಾಚಿ ಕೂತ. ಜೀಪಿನಿಂದ ಇಳಿದವನಿಗೆ, "ನಾನೆಲ್ಲೂ ಓಡಲ್ಲ ಸ್ವಾಮಿ, ಮೊದಲು ಅವಳನ್ನ ಎತ್ಕೊಳ್ಳಿ" ಎಂದ.