ಹಿಮದ ಗಾಡಿಗೊಂದು ಫ್ಯಾನು

ಫ್ಯಾನು ಕೆಟ್ಟಿದೆ ಎಂದು ನನಗೆ ಮೊದಲು ತಿಳಿಸಿದ್ದು ಕಿವಿ. ರೈಲಿನ ಕೊನೆಯ ಡಬ್ಬಿಯಲ್ಲಿ ಗಾರ್ಡ್ ಆಗಿ ನೌಕರಿ ಮುಗಿಸಿದವನು ನಾನು. ಮುಂದೆ ಯಾವುದೋ ವ್ಯಾಗನ್ನಿನ ಕೆಳಗೆ ಕರಕರ ಎಂದರೂ ಗಾರ್ಡಿಗೆ ಗೊತ್ತಾಗಬೇಕು. ಒಮ್ಮೆ ಮನೆಯ ಕಂಪ್ಯೂಟರಿನ ಪೆಟ್ಟಿಗೆಯೊಳಗಿಂದ ಅಂಥದೇ ಕರಕರ ಬಂತು. ಕೆಲವು ದಿನ ಕೇಳಿಸಿ, ಒಂದು ಸಂಜೆ ಇದ್ದಕ್ಕಿದ್ದಂತೆ ನಿಂತಿತು. ಸದ್ದು ನಿಂತಿತೆಂದು ಸಮಾಧಾನಪಡುವವನು ಗಾರ್ಡ್ ಆಗಲು ಲಾಯಕ್ಕಲ್ಲ. ನನಗೆ ಗಾಬರಿಯಾಯಿತು.

ಕಂಪ್ಯೂಟರ್ ಮೂಲತಃ ನನ್ನದಲ್ಲ. ತಂಗಿಯ ಮಗ ಹೊಸದು ಕೊಂಡಾಗ ಹಳೆಯದನ್ನು ಮದ್ರಾಸಿನ ರಾಯಪುರಂನ ನನ್ನ ಮನೆಗೆ ತಂದಿಟ್ಟು, "ಮಾವ, ಇದರಲ್ಲಿ ರೈಲು ಓಡಿಸೋ ಆಟ ಇದೆ. ನಿಮಗೆ ಟೈಮ್ ಪಾಸ್ ಆಗತ್ತೆ" ಎಂದು ಹೇಳಿ ಹೋಗಿದ್ದ. ಆಟದ ಚಿತ್ರಗಳು ಚೆನ್ನಾಗಿ ಓಡಲೆಂದು ಒಳಗೆ ಪ್ರತ್ಯೇಕವಾಗಿ ಒಂದು ಗ್ರಾಫಿಕ್ಸ್ ಕಾರ್ಡು ಹಾಕಿಸಿದ್ದ. ಆಗ ನನ್ನ ಹೆಂಡತಿ ತೀರಿಕೊಂಡು ವರ್ಷ ತುಂಬಿರಲಿಲ್ಲ. ನಮಗೆ ಮಕ್ಕಳಿರಲಿಲ್ಲ. ಹೊತ್ತು ಕಳೆಯುವುದು ಕಷ್ಟವಾಗಲಾರದು ಎಂದುಕೊಂಡಿದ್ದೆ. ಬೆಳಗಾಗುವ ಮೊದಲು ಏಳುವುದು, ಬಾವಿಕಟ್ಟೆ ತೊಳೆಯುವುದು, ಸ್ನಾನ, ಕಾಫಿ, ಪತ್ರಿಕೆ, ಅನ್ನಕ್ಕಿಡುವುದು, ಎಲ್ಲಕ್ಕೂ ನನ್ನಲ್ಲಿ ವೇಳೆ ನಿಗದಿಯಾಗಿತ್ತು. ಸಂಜೆಗೆ ಮಾತ್ರ ಏನೂ ನಿಗದಿಯಾಗಿರಲಿಲ್ಲ. ಬಂದರಿನ ಕಡೆಯಿಂದ ಮೀನಿನ ವಾಸನೆ ಹೊತ್ತ ಗಾಳಿ ಬೀಸುತ್ತಿತ್ತು. ನಾನು ದೀಪ ಹಚ್ಚಿ, ಹಚ್ಚಿದ ದೀಪದ ಕೆಳಗೆ ಸುಮ್ಮನೆ ಕೂರುತ್ತಿದ್ದೆ.

ಆ ಸಂಜೆಗಳಿಗೆ ಬಂದು ಕೂತವರು ಡ್ರೈವರ್. ಬಳ್ಳಾರಿ ಕಡೆಯವರು. ಗುಂತಕಲ್ ದಾರಿಯಲ್ಲಿ ವರ್ಷಗಟ್ಟಲೆ ಅವರು ಇಂಜಿನ್ನಿನಲ್ಲಿ, ನಾನು ಅದೇ ಗಾಡಿಯ ಹಿಂಬದಿಯಲ್ಲಿ. ನಮ್ಮಿಬ್ಬರ ನಡುವೆ ಯಾವಾಗಲೂ ಇಡೀ ಗಾಡಿಯಷ್ಟು ದೂರ. ಹಸಿರು ಬಾವುಟ ಬೀಸಿದರೆ ಅವರ ಸೀಟಿ ಕೇಳುತ್ತಿತ್ತು, ಅಷ್ಟೇ ನಮ್ಮ ಮಾತುಕತೆ. ಹತ್ತು ಡ್ರೈವರುಗಳ ಸೀಟಿಯಲ್ಲಿ ಅವರದ್ದನ್ನು ಗುರುತು ಹಿಡಿಯುತ್ತಿದ್ದೆ. ಕೊನೆಯಲ್ಲಿ ತುಸು ಎಳೆದು ಬಿಡುತ್ತಿದ್ದರು. ನಿವೃತ್ತಿಗೆ ಸಾಕಷ್ಟು ಮೊದಲೇ ಕಣ್ಣಿನ ಪರೀಕ್ಷೆಯಲ್ಲಿ ಪಾಸಾಗದೆ ಅವರನ್ನು ಇಂಜಿನ್ನಿನಿಂದ ಇಳಿಸಿ ಷೆಡ್ಡಿನ ಕುರ್ಚಿಯಲ್ಲಿ ಕೂರಿಸಿದರು. ಕೊನೆಯ ಗಾಡಿ ತಂದು ನಿಲ್ಲಿಸಿದ ಡ್ರೈವರಿಗೆ ಪ್ಲಾಟ್‌ಫಾರ್ಮಿನಲ್ಲಿ ಹಾರ ಹಾಕುವುದು ನಮ್ಮಲ್ಲಿನ ರೂಢಿ. ಅವರಿಗೆ ಅದು ಆಗಲಿಲ್ಲ. ಯಾವುದು ಕೊನೆಯ ಗಾಡಿ ಎಂದು ಓಡಿಸುವಾಗ ಅವರಿಗೇ ಗೊತ್ತಿರಲಿಲ್ಲ.

ಅವರು ತಿರುವೊಟ್ಟಿಯೂರಿನಲ್ಲಿ ಮಗಳ ಮನೆಯಲ್ಲಿದ್ದರು. ಸಂಜೆಯ ಲೋಕಲ್ ಹತ್ತಿ ರಾಯಪುರಂನಲ್ಲಿ ಇಳಿದು ಮೆಟ್ಟಿಲ ಕೆಳಗಿನಿಂದಲೇ ಕೂಗುತ್ತಿದ್ದರು: "ಗಾರ್ಡ್ ಸಾಹೇಬ್ರ, ಲೈನ್ ಕ್ಲಿಯರ್ ಐತೇನ್ರಿ?"

"ಇದೆ, ಬನ್ನಿ. ಚಪ್ಪಲಿ ಹೊರಗೆ."

"ದಿನಾ ಹೇಳ್ತೀರಿ. ಒಂದಿನಾರ ಒಳಗ ತಂದೀನೇನ್ರಿ?"

ಆಟದಲ್ಲಿದ್ದದ್ದು ಯಾವುದೋ ಚಳಿದೇಶದ ಬೆಟ್ಟದ ದಾರಿ. ಎಲ್ಲ ಕಡೆ ಹಿಮ. ನಾವಿಬ್ಬರೂ ಹಿಮ ಕಂಡವರಲ್ಲ. ಮದ್ರಾಸಿನ ಬೇಸಿಗೆಯಲ್ಲಿ ಬನಿಯನ್ ಹಾಕಿಕೊಂಡು ಕೂತು, ಬಿಳಿ ಬೆಟ್ಟಗಳ ನಡುವೆ ಗಾಡಿ ಓಡಿಸುತ್ತಿದ್ದೆವು. ಅವರ ಕಣ್ಣಿಗೆ ಪರದೆಯ ಮೇಲಿನ ಸಿಗ್ನಲ್ ಕಾಣುತ್ತಿರಲಿಲ್ಲ. ನಾನು ಪಕ್ಕದಲ್ಲಿ ಕೂತು ಹೇಳುತ್ತಿದ್ದೆ: "ಹಸಿರು." ಅವರೂ "ಹಸಿರು" ಎಂದು ತಿರುಗಿ ಹೇಳಿಯೇ ಮುಂದೆ ಬಿಡುತ್ತಿದ್ದರು. ಒಬ್ಬರು ಕೂಗಿ ಇನ್ನೊಬ್ಬರು ತಿರುಗಿ ಹೇಳದೆ ಸಿಗ್ನಲ್ ದಾಟಬಾರದು, ಇಂಜಿನ್ನಿನಲ್ಲಿ ನಿಯಮವೇ ಹಾಗೆ. ನಾನಂತೂ ಕೀಲಿಗಳನ್ನು ಮುಟ್ಟುತ್ತಿರಲಿಲ್ಲ. ಗಾರ್ಡ್ ಗಾಡಿ ಓಡಿಸುವಂತಿಲ್ಲ.

ಇಡೀ ದಾರಿ ಮುಗಿಸಲು ಒಂದು ಸಂಜೆ ಪೂರ್ತಿ ಬೇಕಿತ್ತು. ನಡುವೆ ನಿಲ್ಲಿಸಿ, ಅಲ್ಲಿಗೇ ಉಳಿಸಿಟ್ಟುಕೊಂಡು, ಮರುದಿನ ಅಲ್ಲಿಂದಲೇ ಹೊರಡುವ ಸೌಕರ್ಯ ಆಟದಲ್ಲಿತ್ತು. ಅದಕ್ಕೆ ನಾನು ಒಪ್ಪಿರಲಿಲ್ಲ. ಹೊರಟ ಗಾಡಿ ಮುಟ್ಟಬೇಕು, ಇಲ್ಲವೇ ಮೊದಲಿನಿಂದ ಹೊರಡಬೇಕು. ಸಿಗ್ನಲ್ ತಪ್ಪಿಯೋ, ಅವರ ಲೋಕಲಿಗೆ ಹೊತ್ತಾಗಿಯೋ, ಬೆಟ್ಟದ ಸುರಂಗವನ್ನು ಒಮ್ಮೆಯೂ ದಾಟಿರಲಿಲ್ಲ.

ಕರಕರ ನಿಂತ ಆ ಸಂಜೆ, ಬೆಟ್ಟದ ಏರಿನ ಸುರಂಗದ ಹತ್ತಿರ ಹಿಮದ ಮೇಲೆಲ್ಲ ಹಸಿರು ಗೆರೆಗಳು ಎದ್ದವು. ಆಮೇಲೆ ಇಡೀ ಚಿತ್ರ ಕಲ್ಲಾಯಿತು. ಮರುದಿನವೂ ಅದೇ ಸುರಂಗ, ಅದೇ ಗೆರೆ.

ಪೆಟ್ಟಿಗೆ ಬಿಚ್ಚಿ ಒಳಗೆ ಕೈಯಿಟ್ಟೆ. ಗಾಡಿ ನಿಂತಲ್ಲೆಲ್ಲ ಇಳಿದು ಗಾಲಿಯ ಆಕ್ಸಲ್ ಬಾಕ್ಸಿಗೆ ಅಂಗೈಯ ಹಿಂಬದಿ ತಾಗಿಸಿ ಬಿಸಿ ನೋಡುವುದು ನಮ್ಮ ಅಭ್ಯಾಸ. ಅಂಗೈ ಸುಟ್ಟರೆ ಕೆಲಸ ನಿಲ್ಲುತ್ತದೆ, ಹಿಂಬದಿ ಸುಟ್ಟರೆ ನಡೆಯುತ್ತದೆ. ಕಾರ್ಡಿನ ಮೇಲೆ ಬಾಚಣಿಗೆಯ ಹಲ್ಲುಗಳಂತೆ ಎದ್ದ ಅಲ್ಯೂಮಿನಿಯಂ ತುಂಡು, ಅದರ ಮೇಲೆ ರೂಪಾಯಿ ಬಿಲ್ಲೆಗಿಂತ ಸ್ವಲ್ಪ ದೊಡ್ಡ ಫ್ಯಾನು. ಕೈ ಚುರುಕ್ ಎಂದಿತು. ಫ್ಯಾನು ಬೆರಳಿಗೂ ತಿರುಗಲೊಲ್ಲದು. ಸಮುದ್ರದ ಉಪ್ಪುಗಾಳಿಯೂ ಧೂಳೂ ಸೇರಿ ಅಂಟಾಗಿ ಕೂತಿದ್ದವು.

"ಹಾಟ್ ಆಕ್ಸಲ್" ಎಂದೆ.

"ಹಂಗಾರ ಡಬ್ಬಿ ಕತ್ತರಿಸಿ ಸೈಡಿಂಗಿಗೆ ಹಾಕ್ರಿ" ಎಂದು ಡ್ರೈವರ್ ನಕ್ಕರು. ಆಮೇಲೆ ಹೇಳಿದರು: "ಮಗಳು ವೇಲಚೇರಿಯಾಗ ಫ್ಲ್ಯಾಟ್ ತಗೊಂಡಾಳ್ರಿ. ಆಡಿ ತಿಂಗಳು ಕಳದ ಮ್ಯಾಲ ಹಾಲು ಕಾಯ್ಸೋದು. ಅಲ್ಲಿಂದ ದಿನಾ ಬರಾಕ ಆಗಂಗಿಲ್ಲ. ಅಷ್ಟರಾಗ ಇದೊಂದು ಗಾಡಿ ಮುಟ್ಟಿಸಿಬಿಡಾನು ಅಂತಿದ್ದೆ."

ನಾನು ಸ್ಕ್ರೂಡ್ರೈವರ್ ಒರೆಸಿ ಅದರ ಜಾಗದಲ್ಲಿಟ್ಟೆ. ವೇಲಚೇರಿ ಎಂದರೆ ಊರಿನ ಇನ್ನೊಂದು ತುದಿ. ಆಡಿ ಎಂದರೆ ತಮಿಳರ ಆಷಾಢ, ಅದರಲ್ಲಿ ಯಾರೂ ಮನೆ ಬದಲಿಸುವುದಿಲ್ಲ. ಆ ತಿಂಗಳು ಆಗಲೇ ಅರ್ಧ ಕಳೆದಿತ್ತು. "ಮುಟ್ಟಿಸೋಣ" ಎಂದೆ.

ಮೊದಲು ಎಣ್ಣೆ ಬಿಟ್ಟು ನೋಡಿದೆ. ಹೆಂಡತಿಯ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಚೂಪು ಮೂತಿಯ ಎಣ್ಣೆ ಡಬ್ಬಿ ಹಾಗೆಯೇ ಇತ್ತು. ಡ್ರಾಯರ್ ತೆಗೆದದ್ದು ಅವಳು ಹೋದ ಮೇಲೆ ಅದೇ ಮೊದಲು. ಫ್ಯಾನಿನ ನಡುವಿನ ಚೀಟಿ ಎಬ್ಬಿಸಿ ಒಂದು ತೊಟ್ಟು ಬಿಟ್ಟಾಗ ತಿರುಗಿತು. ಎರಡು ಸಂಜೆ ತಿರುಗಿ, ಮತ್ತೆ ಸುರಂಗದ ಹತ್ತಿರ ಕೈಕೊಟ್ಟಿತು.

ಹೊಸದು ತರಲು ರಿಚ್ಚಿ ಸ್ಟ್ರೀಟಿಗೆ ಹೋದೆ. ಅಂಗಡಿಯವನು ಕಾರ್ಡನ್ನು ಎತ್ತಿ ಹಿಡಿದು, "ಸಾರ್, ಇದು ರೊಂಬ ಪಳಸು. ತೂಕ್ಕಿ ಪೋಡುಂಗ, ಪುದುಸು ವಾಂಗಿಕ್ಕುಂಗ" ಎಂದ. ಹಳೆಯದನ್ನು ಎಸೆಯಬೇಕಂತೆ, ಹೊಸದು ಕೊಳ್ಳಬೇಕಂತೆ. ಹೊಸ ಕಾರ್ಡು ನನ್ನ ಹಳೆಯ ಕಂಪ್ಯೂಟರಿಗೆ ಕೂರುತ್ತದೆಯೇ ಎಂದು ಕೇಳಿದರೆ, "ಕಂಪ್ಯೂಟರೂ ಮಾತ್ತಿಡುಂಗ ಸಾರ್" ಎಂದು, ಅದನ್ನೂ ಬದಲಿಸಲು ಹೇಳಿ ನಕ್ಕ. ಇನ್ನೊಂದು ಅಂಗಡಿ, ಮತ್ತೊಂದು ಅಂಗಡಿ. ಅಷ್ಟು ಚಿಕ್ಕ ಫ್ಯಾನು ಎಲ್ಲಿಯೂ ಸಿಗಲಿಲ್ಲ. ಕೊನೆಗೆ ಅದಕ್ಕಿಂತ ದೊಡ್ಡದೊಂದನ್ನೂ ಒಂದು ಪೊಟ್ಟಣ ಬಿಳಿ ಪೇಸ್ಟನ್ನೂ ತಂದೆ. ಕಾರ್ಡಿನ ಬಿಸಿಯಾಗುವ ಚಿಪ್ಪಿಗೂ ಆ ಬಿಸಿ ಹೀರುವ ಅಲ್ಯೂಮಿನಿಯಂ ತುಂಡಿಗೂ ನಡುವೆ ಹಚ್ಚುವ ಪೇಸ್ಟು ಅದು. ಹಳೆಯದು ಒಣಗಿ ಸುಣ್ಣದಂತೆ ಉದುರುತ್ತಿತ್ತು, ಅದನ್ನು ಕೆರೆದು ಹೊಸದು ಹಚ್ಚಿದೆ.

ಹೊಸ ಫ್ಯಾನಿನ ತೂತುಗಳು ಹಳೆಯ ಸ್ಕ್ರೂಗಳಿಗೆ ಹೊಂದಲಿಲ್ಲ. ಅದನ್ನು ಅಲ್ಯೂಮಿನಿಯಂ ಹಲ್ಲುಗಳ ಸಂದಿಗೆ ಪ್ಲಾಸ್ಟಿಕ್ ಪಟ್ಟಿಗಳಿಂದ ಬಿಗಿದೆ. ಗಾಳಿ ಯಾವ ಕಡೆ ಬೀಸುತ್ತದೆಂದು ಒಂದು ನೂಲು ಹಿಡಿದು ನೋಡಿದೆ. ಪ್ಲಗ್ಗೂ ಹೊಂದಲಿಲ್ಲವಾಗಿ, ಹಾರ್ಡ್ ಡಿಸ್ಕಿಗೆ ಕರೆಂಟು ಹೋಗುವ ವೈರಿನಿಂದಲೇ ಫ್ಯಾನಿಗೂ ಕೊಟ್ಟೆ. ಎಲ್ಲ ಕ್ರಮವಾಗಿ ಮಾಡಿದೆ. ಫ್ಯಾನು ಸದ್ದಿಲ್ಲದೆ ತಿರುಗಿತು. ಡ್ರೈವರ್ ಕೂತರು, ನಾನು "ರೈಟ್" ಎಂದೆ, ಅವರು ಕೊನೆಯಲ್ಲಿ ಎಳೆಯದ ಕಂಪ್ಯೂಟರಿನ ಸೀಟಿ ಹಾಕಿದರು.

ಸುರಂಗಕ್ಕೂ ಮೊದಲೇ ಗೆರೆಗಳು ಎದ್ದವು.

"ಫ್ಯಾನು ತಿರುಗ್ತಿದೆ!" ಎಂದೆ. ಅದು ಅನ್ಯಾಯ ಎನ್ನುವಂತಿತ್ತು ನನ್ನ ದನಿ.

"ಬಿಚ್ರಿ" ಎಂದರು ಡ್ರೈವರ್.

ಬಿಚ್ಚಿ ಅವರ ಕೈಗೆ ಕೊಟ್ಟೆ. ಕಣ್ಣಿಗೆ ಕಾಣದ್ದನ್ನು ಅವರು ಬೆರಳಿನಿಂದ ನೋಡುತ್ತಿದ್ದರು. ಪೇಸ್ಟಿನೊಳಗೆ ಉಗುರು ಇಳಿಯಿತು.

"ಏನ್ ಸಾಹೇಬ್ರ ಇದು, ಎಷ್ಟು ಹಾಕೀರಿ?"

"ಪೂರ್ತಿ. ಬಿಸಿಯಾಗೋ ಜಾಗ ಅಲ್ವಾ."

"ಆಕ್ಸಲ್ ಬಾಕ್ಸಿಗೆ ಗ್ರೀಸ್ ತುಂಬಿದಂಗ ತುಂಬೀರಿ! ಇದೇನು ತಿರುಗೋ ಗಾಲಿ ಏನ್ರಿ? ಇದು ಹಂಚು ಇದ್ದಂಗ. ಹಂಚಿನ ತಳಕ್ಕ ಬೆರಳುದಪ್ಪ ಹಿಟ್ಟು ಮೆತ್ತಿದ್ರ ರೊಟ್ಟಿ ಬೇಯ್ತದೇನು? ಎರಡು ಮೈ ಒಂದಕ್ಕೊಂದು ತಾಗಬೇಕ್ರಿ."

ನನಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ಬಿಸಿಯಾದಲ್ಲಿ ಗ್ರೀಸು ತುಂಬು ಎಂದು ಕೈ ಕಲಿತದ್ದನ್ನು ಕೈ ತಾನೇ ಮಾಡಿತ್ತು. ಅವರೂ ನಗುತ್ತಿದ್ದರು. "ನಮ್ಮ ಮನ್ಯಾಗ ಚಟ್ನಿನೂ ಇಷ್ಟು ಬಡಿಸಂಗಿಲ್ಲ ನನಗ" ಎಂದರು. ಆ ಕೋಣೆಯಲ್ಲಿ ಎರಡು ದನಿಗಳ ನಗು ಬಹಳ ದಿನಗಳಿಂದ ಕೇಳಿರಲಿಲ್ಲ. ಕೇಳಿದ ಮೇಲೆ, ಆಡಿ ಮುಗಿಯುತ್ತಿದೆ ಎಂಬುದೂ ನೆನಪಾಯಿತು.

ಎಲ್ಲ ಒರೆಸಿ, ಅಗುಳಿನಷ್ಟು ಪೇಸ್ಟು ಇಟ್ಟು, ಒತ್ತಿ ಕೂರಿಸಿದೆ. ಆದರೆ ಆ ವಾರ ಅವರ ಮನೆಯಲ್ಲಿ ಸಾಮಾನು ಕಟ್ಟುವ ಗಡಿಬಿಡಿ, ಬರಲಾಗಲಿಲ್ಲ. ನಾನು ದಿನವೂ ಕಂಪ್ಯೂಟರ್ ಹಚ್ಚಿ, ಗಾಡಿಯನ್ನು ಮೊದಲ ಸ್ಟೇಷನ್ನಿನಲ್ಲಿ ನಿಲ್ಲಿಸಿಕೊಂಡು, ಅಂಗೈಯ ಹಿಂಬದಿ ತಾಗಿಸಿ ನೋಡುತ್ತಿದ್ದೆ. ಬೆಚ್ಚಗಿರುತ್ತಿತ್ತು, ಸುಡುತ್ತಿರಲಿಲ್ಲ.

ಕೊನೆಯ ಭಾನುವಾರ ಬಂದರು. ಬೀದಿಯ ಹೂವಿನವಳಿಂದ ಆ ಬೆಳಗ್ಗೆಯೇ ಒಂದು ಸೇವಂತಿಗೆ ಹಾರ ತಂದು, ಒದ್ದೆ ಬಟ್ಟೆ ಮುಚ್ಚಿ, ಅಡುಗೆಮನೆಯಲ್ಲಿಟ್ಟಿದ್ದೆ. ಅವರಿಗೆ ಹೇಳಿರಲಿಲ್ಲ.

ಗಾಡಿ ಹೊರಟಿತು. ಹಸಿರು, ಹಸಿರು. ಹಳದಿ, ಹಳದಿ. ಸುರಂಗ ಬಂತು, ಹೋಯಿತು. ಅದರಾಚೆಯ ಹಿಮವನ್ನು ನಾವಿಬ್ಬರೂ ನೋಡಿರಲಿಲ್ಲ. ದೇವದಾರು ಮರಗಳು, ಹೆಪ್ಪುಗಟ್ಟಿದ ಕೆರೆ, ದೂರದಲ್ಲಿ ಒಂದೊಂದೇ ದೀಪ. ನಾನು ಕಂಡದ್ದೆಲ್ಲ ಹೇಳುತ್ತಾ ಹೋದೆ, ಅವರು ಹೂಂಗುಟ್ಟುತ್ತಾ ಹೋದರು. ಕೊನೆಯ ಸ್ಟೇಷನ್ನಿನ ಔಟರ್ ಸಿಗ್ನಲ್ ಕಂಡಿತು. ಅದರಾಚೆ ಪ್ಲಾಟ್‌ಫಾರ್ಮಿನ ದೀಪಗಳೂ ಕಂಡವು.

"ಹಸಿರು" ಎಂದೆ.

ಅವರು ತಿರುಗಿ ಹೇಳಲಿಲ್ಲ. ಬ್ರೇಕು ಹಾಕಿದರು. ಗಾಡಿ ಮೆಲ್ಲಗೆ, ಒಂದು ಜಗ್ಗೂ ಇಲ್ಲದೆ, ಸಿಗ್ನಲ್ಲಿನ ಈಚೆ ನಿಂತಿತು.

"ಹಸಿರು ಅಂದೆ! ಸಿಗ್ನಲ್ ಬಿದ್ದಿದೆ. ಯಾಕೆ ನಿಲ್ಲಿಸಿದ್ರಿ?"

"ಕೇಳಿಸ್ತ್ರಿ."

"ಮತ್ತೆ?"

"ಇರ್ಲಿ ಬಿಡ್ರಿ. ಉಳಿಸಿ ಇಡಾಕ ಬರ್ತದಂತಲ್ಲ, ಇಲ್ಲೇ ಉಳಿಸಿ ಇಡ್ರಿ. ಇದನ್ನೂ ಮುಟ್ಟಿಸಿಬಿಟ್ರ, ನಾ ಯಾಕ ಬರಬೇಕು ಇಲ್ಲಿಗೆ?"

ಹಸಿರು ಸಿಗ್ನಲ್ಲಿನಲ್ಲಿ ಗಾಡಿ ನಿಲ್ಲಿಸುವುದು ತಪ್ಪು. ಕಾರಣ ಬರೆದುಕೊಡಬೇಕಾದ ತಪ್ಪು. ಆದರೂ ಉಳಿಸುವ ಕೀಲಿ ಒತ್ತಿದವನು ನಾನೇ. ಅವರನ್ನು ಸ್ಟೇಷನ್ನಿನವರೆಗೆ ಬಿಟ್ಟು, ಲೋಕಲ್ ಹೊರಟ ಮೇಲೆ ಮನೆಗೆ ಬಂದು ಹಾರವನ್ನು ದೇವರ ಪಟಕ್ಕೆ ಹಾಕಿದೆ.

ವೇಲಚೇರಿಯಿಂದ ಮೊದಮೊದಲು ವಾರಕ್ಕೊಮ್ಮೆ ಫೋನು ಬರುತ್ತಿತ್ತು.

"ಗಾಡಿ ನಿಂತೈತೇನ್ರಿ?"

"ನಿಂತಿದೆ."

"ಬಿಸಿ?"

"ಇಲ್ಲ. ಫ್ಯಾನು ಚೆನ್ನಾಗಿದೆ."

"ಬರ್ತೀನಿ, ತಡೀರಿ. ಮಳಿ ನಿಲ್ಲಲಿ. ಇಲ್ಲಿ ಬೀದಿಯಾಗ ಮೊಳಕಾಲುದ್ದ ನೀರು ನಿಂತೈತಿ."

ಮಳೆ ನಿಂತಿತು. ಮೊಣಕಾಲು ನೋವೆಂದರು. ಒಮ್ಮೆ ನಾನೇ ಹೋದೆ. ಎತ್ತರದ ಫ್ಲ್ಯಾಟಿನ ಬಾಲ್ಕನಿಯಲ್ಲಿ ರಸ್ತೆಗೆ ಮುಖ ಮಾಡಿ ಕೂತಿದ್ದರು. ಕಣ್ಣು ಪೂರ್ತಿ ಹೋಗಿತ್ತು. ನನ್ನ ಹೆಜ್ಜೆ ಕೇಳಿ, "ಚಪ್ಪಲಿ ಹೊರಗ ಬಿಟ್ಟೀರಿಲ್ಲೋ?" ಎಂದರು. ಮಗಳು ಕಾಫಿ ತಂದಿಟ್ಟು, "ಅಪ್ಪಾ ತುಂಬಾ ಟಯರ್ಡ್ ಅಂಕಲ್, ಜಾಸ್ತಿ ಪೇಸ ವೇಂಡಾಂ" ಎಂದು ಮೆಲ್ಲಗೆ ಹೇಳಿದಳು. ನಾವೂ ಹೆಚ್ಚು ಮಾತಾಡಲಿಲ್ಲ. ಹೊರಡುವಾಗ ಅವರು ಗಾಡಿಯ ವಿಚಾರ ಕೇಳಲಿಲ್ಲ. ಕೇಳಲಿ ಎಂದು ನಾನು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ.

ಆಮೇಲೆ ಅವರೂ ಹೋದರು. ತಂಗಿಯ ಮಗ ಬಂದವನು, "ಮಾವ, ಇನ್ನೂ ಈ ಡಬ್ಬಾ ಇಟ್ಕೊಂಡಿದ್ದೀರಾ? ಕೊನೇ ಸ್ಟೇಷನ್ ಇಲ್ಲೇ ಇದೆಯಲ್ಲ, ಒಂದು ಕೀ ಒತ್ತಿದ್ರೆ ಮುಗೀತು" ಎಂದ. ಅವನ ಕೈ ಹಿಡಿದು ತಡೆದೆ. ದಾರಿಯ ನಡುವೆ ನಿಂತ ಗಾಡಿಯನ್ನು ಗಾರ್ಡ್ ಮುಂದೆ ಬಿಡುವಂತಿಲ್ಲ. ಅದನ್ನು ಬಿಟ್ಟು ಹೋಗುವಂತೆಯೂ ಇಲ್ಲ. ಇಳಿದು ಅದರ ಹಿಂದೆ ಕಾವಲು ನಿಲ್ಲಬೇಕು.

ಈಗಲೂ ಸಂಜೆ ದೀಪ ಹಚ್ಚಿದ ಮೇಲೆ ಕಂಪ್ಯೂಟರ್ ಹಚ್ಚುತ್ತೇನೆ. ಹಿಮ ಬೀಳುತ್ತಿರುತ್ತದೆ, ಸಿಗ್ನಲ್ ಹಸಿರಾಗಿಯೇ ಇರುತ್ತದೆ. ಪೆಟ್ಟಿಗೆಯ ಬದಿ ತೆರೆದು ಒಳಗೆ ಅಂಗೈಯ ಹಿಂಬದಿ ಹಿಡಿಯುತ್ತೇನೆ. ಫ್ಯಾನಿನ ಗಾಳಿ ಸಣ್ಣಗೆ ತಾಗುತ್ತದೆ. ಬಿಸಿಯಿಲ್ಲ ಎಂದು ಖಚಿತ ಮಾಡಿಕೊಂಡು ಮುಚ್ಚುತ್ತೇನೆ.