ಹಂದಿಯ ಹುಳ, ಪುಟ್ಟಕ್ಕನ ಸಾರು

ಪಕ್ಕದ ಮನೆಯವರು ಅಂಗಳದಲ್ಲಿ ಕೆಂಡ ಹರವಿಕೊಂಡು ಮಾಂಸ ಸುಡುತ್ತಿದ್ದಾರೆ. ಹೊಗೆ ಸೀದಾ ನನ್ನ ಕಿಟಕಿಗೇ ಬರುತ್ತಿದೆ, ಬೇಕಂತಲೇ ಇರಬೇಕು. ನನ್ನನ್ನು ಸಂಶಯಪಿಶಾಚಿ ಅನ್ನಬೇಡಿ. ಕಾರಣವಿದೆ, ಕೇಳಿ.

ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತಿದ್ದ ಕಾಲ. ತೀರ್ಥಹಳ್ಳಿಯಿಂದ ಹೊಸನಗರಕ್ಕೆ ಹೋಗುವ ದಾರಿಯಲ್ಲಿ ನಮ್ಮೂರು. ಅಲ್ಲಿ ನನ್ನಷ್ಟು ಚೇಷ್ಟೆಯವನೂ ನನ್ನಷ್ಟು ಚಂದದವನೂ ಇನ್ನೊಬ್ಬನಿರಲಿಲ್ಲ. ಎರಡನೆಯದಕ್ಕೆ ಸಾಕ್ಷಿ ಹೇಳುವವರು ಈಗ ಯಾರೂ ಉಳಿದಿಲ್ಲ. ಒಂದು ಶಿಕಾರಿಯಲ್ಲಿ ಕಾಡುಹಂದಿ ಬಿತ್ತು. ಪಾಲು ಹಾಕುವ ಮೊದಲೇ ನಾನು ನಾಲ್ಕು ತುಂಡುಗಳಿಗೆ ಕೆಂಡ ತೋರಿಸಿ, "ರಕ್ತ ಇಳಿಯುವಾಗ್ಲೇ ತಿಂದವ ಗಂಡ್ಸು. ಯಾರಿದೀರಿ, ಬನ್ರೋ!" ಎಂದೆ. ಗೆಳೆಯ ದ್ಯಾವಣ್ಣನೂ ಸೇರಿ ಮೂವರು ಬಂದರು. ಉಳಿದದ್ದನ್ನು ಪುಟ್ಟಕ್ಕ ಸಾರು ಮಾಡಿದರು. ಗಂಡ ತೀರಿಕೊಂಡ ಮೇಲೆ ಮದುವೆ ಮನೆಗಳಲ್ಲಿ ಅಡುಗೆ ಮಾಡಿಯೇ ಬದುಕುತ್ತಿದ್ದವರು ಅವರು. ಊರೆಲ್ಲ ಉಂಡಿತು.

ಎರಡು ವಾರ ಕಳೆಯುವಷ್ಟರಲ್ಲಿ ನಮ್ಮ ನಾಲ್ವರಿಗೂ ಜ್ವರ, ಮೈಕೈ ನೋವು. ರೆಪ್ಪೆ ಊದಿ ನನ್ನ ಚಂದದ ಮುಖ ಕಪ್ಪೆಯ ಹಾಗಾಯಿತು.

"ಪುಟ್ಟಕ್ಕ ಮದ್ದು ಹಾಕಿದಾಳೆ ಕಣಾ," ಎಂದ ದ್ಯಾವಣ್ಣ. ಊಟದಲ್ಲಿ ಗುಟ್ಟಾಗಿ ಏನೋ ಬೆರೆಸಿ ನಿಧಾನಕ್ಕೆ ಕೊಲ್ಲುತ್ತಾರೆಂಬ ನಂಬಿಕೆ ನಮ್ಮ ಕಡೆ ಇತ್ತು. ಅದಕ್ಕೇ ಮದ್ದು ಎನ್ನುವುದು.

"ನಿಂಗೆ ಎಂತಕ್ಕೆ ಹಾಕ್ತಾರೆ ಮಾರಾಯ? ನಿನ್ ಹತ್ರ ಇರೋದು ಒಂದು ಕುಂಟೆತ್ತು," ಎಂದೆ.

"ಮತ್ತೆ ಈ ಕಣ್ಣು ಎಂತಕ್ಕೆ ಊದ್ತು? ಹೇಳು ನೋಡಣ."

ದ್ಯಾವಣ್ಣನ ಮಾತು ಊರೆಲ್ಲ ಹರಡಿತು. ವಾರದೊಳಗೆ ಎರಡು ಮದುವೆ ಮನೆಯವರು ಪುಟ್ಟಕ್ಕನಿಗೆ ಬರುವುದು ಬೇಡ ಎಂದರು. ಅವರು ನೀರು ಕೊಟ್ಟರೂ ಯಾರೂ ಮುಟ್ಟಲಿಲ್ಲ.

ನಾನು ತೀರ್ಥಹಳ್ಳಿಯ ಡಾಕ್ಟರ ಹತ್ತಿರ ಹೋಗಿ ಜ್ವರ, ಸಾರು ಎಲ್ಲ ವಿವರಿಸಿದೆ. ಸಾರು ಉಂಡ ಉಳಿದವರೆಲ್ಲ ಹೇಗಿದ್ದಾರೆ ಎಂದು ಕೇಳಿದರು. ಗಟ್ಟಿಯಾಗಿದ್ದಾರೆ ಎಂದೆ.

"ಹಂಗಾದ್ರೆ ನೀವು ನಾಲ್ವರೇ ಬೇರೆ ಎಂತ ತಿಂದ್ರಿ?"

ಹೇಳಿದೆ.

"ಹಂದಿ ಮಾಂಸದೊಳಗೆ ಕಣ್ಣಿಗೆ ಕಾಣದ ಹುಳದ ಮರಿ ಇರ್ತವೆ. ಚೆನ್ನಾಗಿ ಬೆಂದ್ರೆ ಸಾಯ್ತವೆ. ನೀವು ಜೀವಂತ ನುಂಗಿದೀರಿ. ಈಗ ಅವು ನಿಮ್ ಮಾಂಸದೊಳಗೆ ಬಿಡಾರ ಹೂಡಿದಾವೆ."

ಬಸ್ಸಿಳಿದವನೇ ಪುಟ್ಟಕ್ಕನ ಮನೆಗೆ ಹೋಗಿ ಎಲ್ಲ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಒಳಗೆ ಹೋಗಿ ಕಾಫಿ ತಂದಿಟ್ಟರು.

"ಕುಡಿ."

ಊರಲ್ಲಿ ನಿಜ ಗೊತ್ತಿದ್ದವನು ನಾನೊಬ್ಬನೇ. ಆದರೂ ಲೋಟದ ಹತ್ತಿರ ನನ್ನ ಕೈ ಒಂದು ಗಳಿಗೆ ನಿಂತಿತು. ಪುಟ್ಟಕ್ಕ ಅದನ್ನು ನೋಡಿದರು.

"ನೀನೇ ಹಿಂಗಾದ್ರೆ, ಉಳಿದೋರಿಗೆ ಎಂತ ಹೇಳ್ತೀಯೋ?"

ಕುಡಿದೆ. ಮರುದಿನ ಊರವರ ಮುಂದೆ ಹುಳದ ವಿಷಯ ಹೇಳಿದೆ, ಕೆಲವರು ನಂಬಿದರು. ಪುಟ್ಟಕ್ಕನನ್ನು ಮತ್ತೆ ಮದುವೆ ಮನೆಗೆ ಕರೆಯಲು ಎರಡು ವರ್ಷ ಬೇಕಾಯಿತು.

ಆ ಹಂದಿಯ ಕಥೆಯನ್ನು ನೂರು ಸಲ ಹೇಳಿ ಜನರನ್ನು ನಗಿಸಿದ್ದೇನೆ. ಲೋಟದ ಮಾತನ್ನು ಮಾತ್ರ ಇವತ್ತೇ, ನಿಮಗೇ ಹೇಳಿದ್ದು.