ಮಲ್ಲಾಜಮ್ಮನ ಕೈಗುಣ

ಮಲ್ಲಾಜಮ್ಮನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ಬರೆಯುತ್ತೇನೆ, ಯಾಕೆಂದರೆ ಅವಳಿಗೆ ಆದ ಅನ್ಯಾಯ ಆದದ್ದು ನನ್ನ ಬಾಯಿಂದ. ನಾನು ಮಹದೇವಪ್ರಸಾದ್, ಹುಣಸೂರಿನ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಹನ್ನೊಂದು ವರ್ಷದಿಂದ ಚೀಟಿ ಬರೆಯುವವನು. ಮೂಗಿನ ತುದಿಯಲ್ಲೇ ಸಿಟ್ಟು ಎಂದು ನನ್ನ ಹೆಂಡತಿ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾಳೆ. ಅದು ಸುಳ್ಳಲ್ಲ.

ಮಲ್ಲಾಜಮ್ಮ ನಮ್ಮ ಕ್ಲಿನಿಕ್ಕಿನಲ್ಲಿ ಕಸ ಗುಡಿಸಿ ನೆಲ ಒರೆಸುವವಳು. ಕೋಟೆ ರಸ್ತೆಯ ಒಂದು ಹಳ್ಳಿಯಿಂದ ಬೆಳಗಿನ ಮೊದಲ ಬಸ್ಸಿಗೆ ಬರುತ್ತಾಳೆ. ಐವತ್ತು ದಾಟಿದೆ. ಗಂಡ ಹೋಗಿ ಹದಿನಾಲ್ಕು ವರ್ಷವಾಯಿತು, ಮಕ್ಕಳಿಲ್ಲ, ಮೈದುನನ ಮನೆಯಲ್ಲಿ ಇದ್ದಾಳೆ. ಮಾತು ಕಡಿಮೆ. ನಾನು ಎಷ್ಟು ರೇಗಿದರೂ ಎದುರಾಡಿದವಳಲ್ಲ, ಒಂದು ವಿಷಯ ಬಿಟ್ಟು. ಶಿವರಾತ್ರಿ ಕಳೆಯುತ್ತಿದ್ದ ಹಾಗೆ ಅವಳಿಗೆ ಒಂದು ವಾರ ರಜೆ ಬೇಕೇ ಬೇಕು.

ಮೊದಲ ವರ್ಷ ನಾನು ಕೊಡುವುದಿಲ್ಲ ಎಂದು ಹಟ ಹಿಡಿದೆ.

"ಓಗ್ಲೇಬೇಕು ಕಣಣ್ಣ. ಮಡಿಗೆ ಬೀಜ ಆಕ್ಬೇಕು, ಊರೆಲ್ಲ ಕಾಯ್ತಾ ಕೂತದೆ" ಎಂದಳು.

ಆಮೇಲೆ ಗೊತ್ತಾಯಿತು. ನಮ್ಮ ಕಡೆ ಹೊಗೆಸೊಪ್ಪಿನ ಬೇಸಾಯ. ಅದರ ಬೀಜ ರಾಗಿಗಿಂತ ಎಷ್ಟೋ ಸಣ್ಣದು, ಊದಿದರೆ ಹಾರಿಹೋಗುತ್ತದೆ. ಬೂದಿಯಲ್ಲೋ ಮರಳಿನಲ್ಲೋ ಬೆರೆಸಿ ಸಸಿಮಡಿಗೆ ಉದುರಿಸಬೇಕು. ಎಲ್ಲರ ಕೈಗೂ ಅದು ಒಲಿಯುವುದಿಲ್ಲ. ಮಲ್ಲಾಜಮ್ಮ ಹಾಕಿದ ಮಡಿಯಲ್ಲಿ ಸಸಿ ಕೊಳೆಯುವುದಿಲ್ಲ ಎಂದು ಆ ಊರಿನ ನಂಬಿಕೆ. ಕೈಗುಣ ಎನ್ನುತ್ತೇವಲ್ಲ, ಅದು. ಗಂಡ ಸತ್ತವಳನ್ನು ಒಸಗೆ ಮನೆಗೂ ಮದುವೆ ಚಪ್ಪರಕ್ಕೂ ಮುಂದೆ ಬಿಟ್ಟುಕೊಳ್ಳದ ಜನ, ಮಡಿಗೆ ಬೀಜ ಹಾಕುವ ದಿನ ಮಾತ್ರ ಬಾಗಿಲಿಗೆ ಬಂದು ಕರೆಯುತ್ತಿದ್ದರು. ಎಲೆ ಅಡಿಕೆ, ರವಿಕೆ ಕಣ ಕೊಟ್ಟು ಕಳಿಸುತ್ತಿದ್ದರು. ವರ್ಷದಲ್ಲಿ ಆ ಒಂದು ವಾರ ಅವಳು ಊರಿಗೆ ಬೇಕಾದವಳು. ಮೊದಲ ಮಡಿ ಯಾವಾಗಲೂ ನಿಂಗಯ್ಯನದು, ಅವನು ಆ ಊರಿನ ದೊಡ್ಡ ಬೇಸಾಯಗಾರ.

ಇನ್ನು ಮೀನಿನ ಕಥೆ. ನಮ್ಮ ಡಾಕ್ಟರು ಸಿಂಧು ಮೇಡಂಗೆ ಸಮುದ್ರದ ಮೀನು ಸಾಕುವ ಹುಚ್ಚು. ರೋಗಿಗಳು ಕೂರುವ ಹಾಲಿನಲ್ಲಿ ದೊಡ್ಡ ಗಾಜಿನ ತೊಟ್ಟಿ ಇಡಿಸಿ, ಉಪ್ಪು ಬೆರೆಸಿದ ನೀರು ತುಂಬಿಸಿ, ಹವಳದ ಗಿಡ, ಕೆಂಪು ಪಟ್ಟೆಯ ಸೀಗಡಿ, ಶಂಖದ ಹುಳು, ಬಣ್ಣಬಣ್ಣದ ಮೀನು ಬಿಟ್ಟಿದ್ದರು. ತೊಟ್ಟಿಗೆ ಮುಚ್ಚಳವಿಲ್ಲ. ಹವಳಕ್ಕೆ ಮೇಲಿನಿಂದ ಬೆಳಕು ಬೀಳಬೇಕು, ನೀರಿಗೆ ಗಾಳಿಯಾಡಬೇಕು, ಅದಕ್ಕೆ. ಆವಿಯಾದಷ್ಟು ಸಿಹಿನೀರನ್ನು ದಿನಾ ಬೆಳಗ್ಗೆ ಗೆರೆಯವರೆಗೆ ಸುರಿಯುವ ಕೆಲಸ ಮಲ್ಲಾಜಮ್ಮನದು. ಹಲ್ಲು ನೋವಿಗೆ ಅಳುತ್ತಾ ಬಂದ ಮಕ್ಕಳು ಆ ಗಾಜಿಗೆ ಮೂಗು ಒತ್ತಿ ಸುಮ್ಮನಾಗುತ್ತಿದ್ದವು. ಇವಳೂ ಪೊರಕೆ ಹಿಡಿದುಕೊಂಡು ನಿಂತುಬಿಡುತ್ತಿದ್ದಳು. "ನೆಲ ಒಣಗ್ತದೆ, ಮೀನು ಓಡೋಗಲ್ಲ" ಎಂದು ನಾನು ಗದರುತ್ತಿದ್ದೆ.

ಓಡಿಹೋಗುವುದಿಲ್ಲ ಎಂದದ್ದೂ ತಪ್ಪಾಯಿತು. ಹೋದ ಮಳೆಗಾಲದಲ್ಲಿ ಒಂದು ದಿನ ಕರೆಂಟು ಹೋಯಿತು. ಫಳ್ಳನೆ ಉರಿಯುತ್ತಿದ್ದ ದೀಪ ಒಮ್ಮೆಲೇ ಆರಿದರೆ ಕೆಲವು ಮೀನು ಬೆದರಿ ನೆಗೆಯುತ್ತವಂತೆ. ಬಿಳಿ ಮೈ, ಕೆಂಪು ಬಾಲದ ಒಂದು ಮೀನು ಚಪ್ಪಲಿ ಸ್ಟ್ಯಾಂಡಿನ ಹಿಂದೆ ಬಿದ್ದು ಒಣಗಿ ಕಡ್ಡಿಯಾಗಿತ್ತು. ಮಾರನೆಯ ದಿನ ಗುಡಿಸುವಾಗ ಸಿಕ್ಕಿದ್ದು ಮಲ್ಲಾಜಮ್ಮನಿಗೇ. ಅಂಗೈಯಲ್ಲಿಟ್ಟುಕೊಂಡು ಬಂದು ಮೇಡಂಗೆ ಕೊಟ್ಟಳು. ಹದಿನೈದು ದಿನದಲ್ಲಿ ಇನ್ನೊಂದು ಹಾರಿತು.

ಮೇಡಂ ಮೈಸೂರಿನ ಮೀನಿನ ಅಂಗಡಿಗೆ ಹೇಳಿ ಚೌಕಟ್ಟು ಹಾಕಿದ ತೆಳು ಬಲೆ ತರಿಸುತ್ತೇನೆ ಎಂದರು. ಬೆಳಕೂ ಇಳಿಯುತ್ತದೆ, ಗಾಳಿಯೂ ಆಡುತ್ತದೆ, ಮೀನು ಮಾತ್ರ ಆಚೆ ಬರುವುದಿಲ್ಲ. ನನಗೋ ಜಾಣತನ ತೋರಿಸುವ ಚಪಲ.

"ಯಾಕೆ ಮೇಡಂ ಅಷ್ಟು ದೂರದಿಂದ? ನಮ್ಮ ಹಳ್ಳಿಗಳಲ್ಲಿ ಅಂಥ ಬಲೆ ಮೂಲೆಮೂಲೆಯಲ್ಲಿ ಬಿದ್ದಿರ್ತವೆ" ಎಂದೆ. ಹುಳು ಕೂರದ ಹಾಗೆ ಸಸಿಮಡಿಗೆ ಹೊದಿಸುವ ಸಣ್ಣ ಕಣ್ಣಿನ ನೈಲಾನ್ ಬಲೆ ನನ್ನ ತಲೆಯಲ್ಲಿತ್ತು. ಮಲ್ಲಾಜಮ್ಮನಿಗೆ ತರಲು ಹೇಳಿದೆ.

ಅವಳು, "ಅದ್ರ ಮೇಲೆಲ್ಲ ಮೈಲುತುತ್ತ ಉಯ್ದವ್ರೆ ಕಣಣ್ಣ. ಸಸಿ ಕೊಳೀದೆ ಇರ್ಲಿ ಅಂತ. ಮೀನಿಗೆ ಆಯ್ತದಾ?" ಎಂದು ಕೇಳಿದಳು.

ಕೇಳಿದಳು. ಇದನ್ನು ನಾನು ಎಲ್ಲಿ ಬೇಕಾದರೂ ಪ್ರಮಾಣ ಮಾಡಿ ಹೇಳುತ್ತೇನೆ.

"ಎರಡು ಸಲ ಒಗೆದು ಒಣಹಾಕ್ಕೊಂಡು ಬಾ. ಬಲೆ ಏನು ನೀರೊಳಗಿರ್ತದಾ, ಮೇಲಿರ್ತದೆ. ಹೇಳಿದ್ದಷ್ಟು ಮಾಡು" ಎಂದೆ.

ಅವಳು ಮೂರು ಸಲ ಒಗೆದು ತಂದಳು. ನಾನೇ ಮರದ ಪಟ್ಟಿಗೆ ಬಿಗಿದು ತೊಟ್ಟಿಯ ಮೇಲೆ ಕೂರಿಸಿದೆ. ಮೇಡಂ ನನ್ನ ಬೆನ್ನು ತಟ್ಟಿದರು. ಕೆಲವು ದಿನಕ್ಕೆ ಬಲೆ ನಡುವೆ ಜೋತುಬಿತ್ತು, ಪಂಪಿನ ಅಲೆ ಅದನ್ನು ತೋಯಿಸಿ ತೋಯಿಸಿ ನೀರು ವಾಪಸು ತೊಟ್ಟಿಗೇ ತೊಟ್ಟಿಕ್ಕುತ್ತಿತ್ತು. ನಾನು ನೋಡಿದ್ದೆ. ಬಿಗಿ ಮಾಡಿದರಾಯಿತು ಎಂದುಕೊಂಡು ಮರೆತೆ.

ಕಾರ್ತಿಕ ಮಾಸದಲ್ಲಿ ಮೊದಲು ಸೀಗಡಿ ಸತ್ತವು. ಶಂಖದ ಹುಳುಗಳು ಗಾಜಿನಿಂದ ಕಳಚಿ ಕೆಳಗೆ ಬಿದ್ದವು. ಹವಳ ಮುದುಡಿತು. ಸತ್ತದ್ದೆಲ್ಲ ಕೊಳೆತು ನೀರು ಹಾಲಿನಂತಾಗಿ, ಒಂದು ಸೋಮವಾರ ಬೆಳಗ್ಗೆ ಬಾಗಿಲು ತೆಗೆದರೆ ಮೀನುಗಳೆಲ್ಲ ಮೇಲೆ ತೇಲುತ್ತಿದ್ದವು. ಒಂದೂ ಆಚೆಗೆ ಹಾರಿರಲಿಲ್ಲ, ಬಲೆ ಇತ್ತಲ್ಲ.

ನಾತ ಹೊಡೆಯುತ್ತಿತ್ತು. ಹಾಲ್ ತುಂಬಾ ಜನ, ಎಲ್ಲರೂ ಮೂಗಿಗೆ ಬಟ್ಟೆ ಹಿಡಿದು ನನ್ನನ್ನೇ ಬೈಯುತ್ತಿದ್ದರು. ಮೇಡಂ ಒಳಗಿನ ಕೋಣೆಯಿಂದ ಈಚೆಗೇ ಬಂದಿರಲಿಲ್ಲ. ಆಗ ಮಲ್ಲಾಜಮ್ಮ ಗಾಜಿನ ಮೇಲೆ ಕೈಯಿಟ್ಟು, "ಏನಾಯ್ತಣ್ಣ ಇವಕ್ಕೆ?" ಎಂದಳು.

"ನನ್ನ ಕೇಳ್ತೀಯಾ? ದಿನಾ ಕೈ ಹಾಕ್ತಿದ್ದೋಳು ನೀನು. ಭಾರೀ ಕೈಗುಣ ನಿಂದು. ಮುಟ್ಟಿದ್ದೊಂದೂ ಉಳೀಲಿಲ್ಲ ನೋಡು."

ಅವಳು ಗಾಜಿನಿಂದ ಕೈ ತೆಗೆದಳು. ಬಕೆಟ್ಟು ತಂದು ಸತ್ತ ಮೀನುಗಳನ್ನು ಎತ್ತಿಹಾಕಿದಳು, ನೆಲ ಒರೆಸಿದಳು, ಹೊರಟುಹೋದಳು. ಊದಿದ ದವಡೆಗೆ ಟವೆಲು ಕಟ್ಟಿಕೊಂಡು ಮೂಲೆಯ ಕುರ್ಚಿಯಲ್ಲಿ ನಿಂಗಯ್ಯ ಕೂತಿದ್ದದ್ದು ನನಗೆ ಆಮೇಲೆ ಕಂಡಿತು. ಆಡಿದ ಮಾತು ಆಡಿ ಆಗಿತ್ತು.

ಮೂರು ವಾರದ ಮೇಲೆ ಮೇಡಂ, "ಪ್ರಸಾದ್, ನೀರನ್ನ ಪರೀಕ್ಷೆ ಮಾಡಿಸಿದೆ. ಅದರಲ್ಲಿ ತಾಮ್ರ ಇತ್ತಂತೆ. ಸೀಗಡಿಗೆ, ಹವಳಕ್ಕೆ ಅದು ವಿಷ. ಎಲ್ಲಿಂದ ಬಂತೋ" ಎಂದರು. ತಾಮ್ರ ಎಂದ ಕೂಡಲೇ ನನಗೆ ಮೈಲುತುತ್ತ ನೆನಪಾಯಿತು, ಅದೂ ತಾಮ್ರದ ಉಪ್ಪೇ ಅಲ್ಲವೇ, ಅವಳು ಕೇಳಿದ್ದು ನೆನಪಾಯಿತು. "ನೋಡೋಣ ಮೇಡಂ" ಎಂದು ನನ್ನ ಮೇಜಿಗೆ ಬಂದು ಕೂತೆ. ನಾನು ಎಂಥ ಹೇಡಿ ಎಂದು ಆ ದಿನವೇ ನನಗೆ ಗೊತ್ತಾದದ್ದು. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದು ಮೂರು ತಿಂಗಳು ತಳ್ಳಿದೆ. ಮಲ್ಲಾಜಮ್ಮ ದಿನಾ ಬರುತ್ತಿದ್ದಳು, ಖಾಲಿ ತೊಟ್ಟಿಯ ಸುತ್ತ ಗುಡಿಸುತ್ತಿದ್ದಳು, ಗಾಜನ್ನು ಮಾತ್ರ ಒರೆಸುತ್ತಿರಲಿಲ್ಲ.

ಶಿವರಾತ್ರಿ ಬಂತು, ಹೋಯಿತು. ಅವಳು ರಜೆ ಕೇಳಲಿಲ್ಲ.

"ಈ ವರ್ಷ ಬೀಜ ಹಾಕೋಕೆ ಹೋಗಲ್ವಾ?" ಎಂದೆ.

"ಯಾರೂ ಕರೀಲಿಲ್ಲ ಕಣಣ್ಣ."

ಅವಳನ್ನು ಅಲ್ಲೇ ನಿಲ್ಲಿಸಿ ಎಲ್ಲ ಹೇಳಿದೆ. ತಾಮ್ರ, ಬಲೆ, ಅವಳು ಮೊದಲೇ ಎಚ್ಚರಿಸಿದ್ದು, ತಪ್ಪು ನನ್ನದು, ಕ್ಷಮಿಸು ಎಂದೆ. ಅವಳು ಪೊರಕೆಯನ್ನು ಗೋಡೆಗೆ ಒರಗಿಸಿ ಪೂರ್ತಿ ಕೇಳಿಸಿಕೊಂಡಳು.

"ಇರ್ಬೋದು ಬುಡಿ. ಅವತ್ತು ಅಷ್ಟು ಜನದ್ ಮುಂದೆ ಅಂದ್ರಿ. ಇವತ್ತು ನನ್ನೊಬ್ಳಿಗೆ ಏಳ್ತಾ ಇದ್ದೀರಿ."

ಭಾನುವಾರ ಅವಳ ಊರಿಗೆ ಹೋದೆ. ನಿಂಗಯ್ಯನ ಹೊಲದ ಮಗ್ಗುಲಲ್ಲಿ ಮಡಿ ಸಿದ್ಧವಾಗಿತ್ತು. ಏಳೆಂಟು ಜನ ಇದ್ದರು, ಬೇರೆ ಯಾರೋ ಹೆಂಗಸು ಬೀಜದ ತಟ್ಟೆ ಹಿಡಿದು ನಿಂತಿದ್ದಳು. ನಾನು ನಾಚಿಕೆ ಬಿಟ್ಟು ಅಷ್ಟೂ ಜನದ ಮುಂದೆ ಹೇಳಿದೆ. ಮೀನು ಸತ್ತದ್ದು ಅವಳ ಕೈಯಿಂದಲ್ಲ, ಬಲೆಗೆ ಹತ್ತಿದ್ದ ಮೈಲುತುತ್ತದಿಂದ, ಆ ಬಲೆ ತರಿಸಿದವನು ನಾನು ಎಂದೆ.

ನಿಂಗಯ್ಯ ಒಳ್ಳೆಯವನೇ. ಬೀಡಿ ಆರಿಸಿ ನಿಧಾನವಾಗಿ ಮಾತಾಡಿದ. "ಸ್ವಾಮಿ, ಆ ಮೈಲುತುತ್ತನ ನಾವು ವರ್ಷಾವರ್ಷ ಇದೇ ಮಡಿಗೆ ಉಯ್ತೀವಿ. ಎಳೇ ಸಸಿ ಬದುಕ್ತದೆ. ನೀವು ಅವತ್ತು ಅಂದಿದ್ದು ನಾನೇ ಕಿವಿಯಾರ ಕೇಳಿವ್ನಿ. ಈಗ ಆಯಮ್ಮನ್ ಮೇಲೆ ಕನಿಕರ ಬಂದು ಇಂಗಂತಾ ಇದ್ದೀರಿ, ಅದೂ ಸರಿನೇ. ಆದ್ರೆ ನಮ್ದು ವರ್ಷದ್ ಅನ್ನ ಕಣ್ರೀ."

ಸಸಿ ಬೇರೆ ಸೀಗಡಿ ಬೇರೆ ಎಂದು ಎಷ್ಟು ಬಡಿದುಕೊಂಡರೂ ಯಾರೂ ತಲೆದೂಗಲಿಲ್ಲ. ಆ ಹೆಂಗಸು ಬೀಜ ಉದುರಿಸಲು ಬಗ್ಗಿದಳು. ನಾನು ಬಂದ ದಾರಿ ಹಿಡಿದೆ.

ದಾರಿಯಲ್ಲೇ ಮಲ್ಲಾಜಮ್ಮನ ಮನೆ. ಜಗುಲಿಯ ಮೇಲೆ ಕೂತಿದ್ದಳು. ಏನಾಯಿತೆಂದು ಕೇಳಲಿಲ್ಲ, ಮುಖ ನೋಡಿಯೇ ತಿಳಿದುಕೊಂಡಿರಬೇಕು.

"ಒತ್ತಾಯ್ತು. ಉಂಡ್ಕೊಂಡ್ ಓಗಿ ಅಣ್ಣ" ಎಂದು ಒಳಗೆ ಕರೆದಳು. ಚಾಪೆ ಹಾಸಿದಳು. ಒಲೆಯ ಮೇಲೆ ಸಾರು ಬಿಸಿಯಿತ್ತು, ಮುದ್ದೆ ಸಿದ್ಧವಿತ್ತು. ನಾನು ಕೂತೆ. ಅವಳು ತಟ್ಟೆ ಮುಟ್ಟಲಿಲ್ಲ. ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದ ಮೈದುನನ ಹೆಂಡತಿಯನ್ನು ಕೂಗಿ, "ಬಂದ್ ಇಕ್ಕವ್ವ ಇವ್ರಿಗೆ" ಎಂದಳು.

"ನೀನೇ ಇಕ್ಕು ಮಲ್ಲಾಜಮ್ಮ" ಎಂದೆ.

ಅವಳು ಎರಡು ಕೈಯನ್ನೂ ಸೆರಗಿನೊಳಗೆ ಸೇರಿಸಿಕೊಂಡು ಬಾಗಿಲ ಪಕ್ಕಕ್ಕೆ ಸರಿದು ನಿಂತಳು.

"ಬ್ಯಾಡ ಬುಡಿ ಅಣ್ಣ. ನಿಮ್ಗೂ ಮಕ್ಳವ್ರೆ."